ಹಳದಿ ಕಾಲುಚೀಲ

ಚರ್ಚಿನ ಬೇಲಿಯುದ್ದಕ್ಕೂ ಕಟ್ಟಿದ ಹಗ್ಗದಲ್ಲಿ ಪುಟ್ಟ ಪುಟ್ಟ ಬಿಳಿ ಕಾಲುಚೀಲಗಳು ತೂಗಾಡುತ್ತಿದ್ದವು. ಅವುಗಳ ನಡುವೆ ಆ ಹಳದಿ ಜೊತೆ ಕಣ್ಣಿಗೆ ಬಿದ್ದದ್ದೇ ತಡ, ತರಕಾರಿ ಚೀಲ ಹಿಡಿದು ಹೋಗುತ್ತಿದ್ದವಳು ರಸ್ತೆಯಲ್ಲೇ ನಿಂತುಬಿಟ್ಟಳು.

ಗರ್ಭಪಾತವನ್ನೇ ನಿಷೇಧಿಸಿದ್ದ ಆ ದೇಶದಲ್ಲಿ, ಅದಕ್ಕೆ ಅನುಮತಿ ಕೊಡುವ ಮಸೂದೆ ನಾಳೆ ಸಂಸತ್ತಿಗೆ ಬರಲಿತ್ತು. ಬೇಡವೆನ್ನಲು ಚರ್ಚಿನ ಹೆಂಗಸರು ಹುಟ್ಟದ ಮಕ್ಕಳ ಹೆಸರಿನಲ್ಲಿ ಕಾಲುಚೀಲ ಹೆಣೆದು, ಮನೆಮನೆಯಿಂದಲೂ ಕೇಳಿ ತಂದು, ಬಟ್ಟೆ ಕ್ಲಿಪ್ಪು ಸಿಕ್ಕಿಸಿ ನೇತುಹಾಕುತ್ತಿದ್ದರು. ಗಾಳಿ ಬೀಸಿದಾಗಲೆಲ್ಲ ಅವು ಒಟ್ಟಿಗೇ ಹೆಜ್ಜೆ ಹಾಕುತ್ತಿದ್ದವು, ಅಜ್ಜಿಕತೆಯಲ್ಲಿ ಬರುವ, ಕಣ್ಣಿಗೆ ಕಾಣದ ಮಕ್ಕಳು ಕೈಕೈ ಹಿಡಿದು ಎಲ್ಲಿಗೋ ಹೊರಟ ಹಾಗೆ. ಸ್ಟೂಲಿನ ಮೇಲೆ ನಿಂತು ಎಲ್ಲರಿಗೂ ಕೆಲಸ ಹೇಳುತ್ತಿದ್ದವರು ಅವಳ ದೊಡ್ಡಮ್ಮ; ಬಿಳಿ ಜೊತೆಗಳಲ್ಲಿ ಮುಕ್ಕಾಲು ಪಾಲು ಹೆಣೆದವರೂ ಅವರೇ.

“ಇದನ್ನ ಯಾರು ತಂದ್ಕೊಟ್ರು, ದೊಡ್ಡಮ್ಮ?”

“ಯಾವುದು? ಓ, ನಿಮ್ಮತ್ತೆ ಬೆಳಿಗ್ಗೆ ಒಂದು ಕವರು ಕೊಟ್ಟು ಹೋದ್ರು. ಬೀರುವಲ್ಲಿ ಸುಮ್ನೆ ಬಿದ್ದಿತ್ತಂತೆ. ಹುಡುಗೀರೇ ಕವರು ಬಿಚ್ಚಿ ನೇತುಹಾಕಿರ್ಬೇಕು...” ಎನ್ನುತ್ತಾ ತಿರುಗಿದ ದೊಡ್ಡಮ್ಮನ ಮಾತು ಅಲ್ಲೇ ನಿಂತಿತು. ಹಳದಿ ಹಿಮ್ಮಡಿಯಲ್ಲಿ ಹಸಿರು ನೂಲಿನ ಒಂದು ಎಳೆ. ತಾವು ಹೆಣೆದದ್ದಕ್ಕೆಲ್ಲ ಹಾಗೊಂದು ಎಳೆ ಸೇರಿಸುವುದು ಅವರ ರೂಢಿ.

ಹೋದ ವರ್ಷ ಅವಳು ಬಸುರಿಯಾದಾಗ ದೊಡ್ಡಮ್ಮನೇ ಹೆಣೆದ ಜೊತೆ ಅದು. ಐದನೇ ತಿಂಗಳಲ್ಲಿ ನೀರೊಡೆದು, ಜ್ವರ ಏರಿತು. ಮಗು ಉಳಿಯುವುದಿಲ್ಲವೆಂದು ಗೊತ್ತಿದ್ದರೂ, ಅದರ ಎದೆ ಬಡಿಯುತ್ತಿರುವ ತನಕ ಗರ್ಭ ತೆಗೆಯಲು ಕಾನೂನು ಬಿಡುವುದಿಲ್ಲವೆಂದು ಇಲ್ಲಿನ ಡಾಕ್ಟರು ಕೈಕಟ್ಟಿ ಕೂತರು. ಆಗ ಅವಳನ್ನು ಬಾಡಿಗೆ ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ದೇಶದ ಗಡಿ ದಾಟಿಸಿ, ಆಚೆಯ ಆಸ್ಪತ್ರೆಗೆ ಸೇರಿಸಿದವರು ದೊಡ್ಡಮ್ಮನೇ. ಮರಳಿ ಬಂದು, ‘ಮಗು ತಾನಾಗೇ ಹೋಯ್ತು’ ಎಂದು ಊರಿಗೆಲ್ಲ ಹೇಳಿದವರೂ ಅವರೇ.

“ಆವತ್ತು ಕಾರಲ್ಲಿ ನನ್ನ ತಲೆ ನಿಮ್ಮ ತೊಡೆ ಮೇಲಿತ್ತು,” ಎಂದಳು ಅವಳು. “ಏನೂ ತಪ್ಪಿಲ್ಲ ಕಂದ, ನೀನು ಉಳೀಬೇಕು ಅಂದಿದ್ರಿ.”

“ಮೆತ್ತಗೆ ಮಾತಾಡೇ. ಅದೇ ಬೇರೆ, ಇದೇ ಬೇರೆ.”

“ಏನು ಬೇರೆ?”

ಕಳೆದ ಭಾನುವಾರ ಪೂಜೆ ಮುಗಿದ ಮೇಲೆ ಮೈಕು ಹಿಡಿದು ಇಡೀ ಚರ್ಚಿಗೆ ಕೇಳುವಂತೆ ಮಸೂದೆಯ ವಿರುದ್ಧ ಮಾತಾಡಿದ್ದ ದೊಡ್ಡಮ್ಮ, ಈಗ ಕ್ಲಿಪ್ಪಿನ ಡಬ್ಬಿಯತ್ತ ತಿರುಗಿದರು. ಅವಳು ಹಗ್ಗದ ಬಳಿ ಹೋದಳು. ಕ್ಲಿಪ್ಪು ತೆಗೆದು ಕಾಲುಚೀಲ ಬಿಡಿಸಿಕೊಂಡಳು.

“ಅಯ್ಯೋ, ಅದನ್ಯಾಕೆ ತೆಗೀತೀಯಮ್ಮ?” ಚರ್ಚಿನಲ್ಲಿ ಹಾಡು ಕಲಿಸುವ ಟೀಚರು ಗೇಟಿನ ಬಳಿಯಿಂದ ಕೂಗಿದರು. “ಇಷ್ಟರಲ್ಲಿ ಎದ್ದು ಕಾಣೋದೇ ಅದೊಂದು. ಫಾದರ್ ಕೂಡ ನಿಂತು ನೋಡಿದ್ರು.”

ಉಳಿದವರ ಕೈಗಳೂ ನಿಂತವು. ಅವಳು ದೊಡ್ಡಮ್ಮನನ್ನೇ ನೋಡಿದಳು. ದೊಡ್ಡದೇನನ್ನೂ ಅವಳು ಬಯಸಿರಲಿಲ್ಲ. ‘ಅದು ಅವಳ ಮಗೂದು, ತಗೊಂಡು ಹೋಗ್ಲಿ ಬಿಡಿ’ ಎಂದರೆ ಸಾಕಿತ್ತು.

ದೊಡ್ಡಮ್ಮ ಟೀಚರ ಕಡೆ ತಿರುಗಿದರು. “ನಾನೇ ತೆಗಿ ಅಂದೆ. ಹೆಣಿಗೆ ಸರಿಯಿಲ್ಲ. ಯಾರೋ ಅರ್ಧಂಬರ್ಧ ಕಲಿತವರು ಹಾಕಿದ್ದು.”

“ಹೌದಾ? ಇಲ್ಲಿಂದ ನೋಡಿದ್ರೆ ನಿಮ್ಮ ಕೈಕೆಲಸದ ಹಾಗೇ ಇತ್ತಪ್ಪ.”

“ನನ್ನದಾ? ನನ್ನ ಕೈ ಅಷ್ಟು ಒರಟೇನ್ರೀ?” ದೊಡ್ಡಮ್ಮ ನಕ್ಕರು. ಹೆಂಗಸರೆಲ್ಲ ನಕ್ಕರು. ದೊಡ್ಡಮ್ಮನ ಕಿವಿಯ ತುದಿ ಮಾತ್ರ ಕೆಂಪೇರಿತ್ತು.

ಅವಳು ಒಂದು ಕಾಲುಚೀಲದೊಳಗೆ ಇನ್ನೊಂದನ್ನು ಮಡಚಿ ಸೇರಿಸಿದಳು, ನಾಳೆ ಬೆಳಿಗ್ಗೆ ಯಾರಿಗೋ ತೊಡಿಸಲಿಕ್ಕಿದೆ ಎಂಬಷ್ಟು ಜೋಪಾನವಾಗಿ. ಅದನ್ನು ತರಕಾರಿಯ ಮೇಲಿಟ್ಟುಕೊಂಡು, ಸ್ಟೂಲಿನ ಪಕ್ಕದಿಂದ ಹಾದುಹೋಗುವಾಗ ತಗ್ಗಿದ ದನಿಯಲ್ಲಿ ಹೇಳಿದಳು:

“ಹೆಣಿಗೆ ಚೆನ್ನಾಗೇ ಇದೆ, ದೊಡ್ಡಮ್ಮ.”

ಅವಳು ರಸ್ತೆಯ ತಿರುವಿನಲ್ಲಿ ಮರೆಯಾದಳು. ಹಗ್ಗದ ಮೇಲೆ ಎರಡು ಕ್ಲಿಪ್ಪುಗಳು ಬರಿಯ ಗಾಳಿಯನ್ನು ಕಚ್ಚಿಕೊಂಡಿದ್ದವು. “ಜಾಗ ಖಾಲಿ ಬಿಡ್ಬೇಡಿ, ಇದನ್ನ ಹಾಕಿ,” ಎಂದು ಟೀಚರು ಹತ್ತಿರ ಬಂದು ಒಂದು ಬಿಳಿ ಜೊತೆ ಚಾಚಿದರು.

ದೊಡ್ಡಮ್ಮ ಕೈನೀಡಿ ತೆಗೆದುಕೊಂಡರು. ತಾವೇ ಹೆಣೆದ ಅದರ ಹಿಮ್ಮಡಿಯಲ್ಲೂ ಅದೇ ಹಸಿರು ಎಳೆಯಿತ್ತು. ತಲೆಯೆತ್ತಿ ನೋಡಿದರೆ ಗಾಳಿಗೆ ಕಾಲುಚೀಲಗಳೆಲ್ಲ ಬೆನ್ನು ತಿರುಗಿಸಿ ನಡೆಯುತ್ತಿದ್ದವು, ಬೇಲಿಯುದ್ದಕ್ಕೂ ಹಿಮ್ಮಡಿ ಹಿಮ್ಮಡಿಯಲ್ಲಿ ಆ ಹಸಿರು ಎಳೆ.