ಜಡೆ ಬೇಡದ ಶಾಲೆ

ಸುಳ್ಳು ಹೇಳಿದರೆ ಕೂದಲು ನೆಟ್ಟಗೆ ನಿಲ್ಲುವ ಊರಿನಲ್ಲಿ ಜಡೆ ಹಾಕಿದವರನ್ನು ನಂಬುವುದು ಹೇಗೆ? ಹಾಗಾಗಿ ಹುಡುಗಿಯರೆಲ್ಲ ಕೂದಲು ಬಿಟ್ಟುಕೊಂಡೇ ಶಾಲೆಗೆ ಬರಬೇಕಿತ್ತು. ಎರಡು ಜಡೆ ಹಾಕಿಕೊಂಡು ಬಂದ ಫಕೀರವ್ವನನ್ನು ಹೆಡ್ ಅಕ್ಕೋರು ಪ್ರಾರ್ಥನೆಯ ಸಾಲಿನಿಂದ ಹೊರಗೆ ಕರೆದು, ಎಲ್ಲರೆದುರೇ ಜಡೆ ಬಿಚ್ಚಿಸಿದರು.

ಅವಳು ರಿಬ್ಬನ್ನು ಮುಷ್ಟಿಯಲ್ಲಿ ಹಿಡಿದೇ ಕೇಳಿದಳು: "ಚೇರ್ಮನ್ನರ ಮಗಳೂ ಜಡಿ ಹಾಕ್ಯಾಳಲ್ರೀ ಅಕ್ಕೋರ. ಆಕಿದ್ಯಾಕ ಬಿಚ್ಚಸಂಗಿಲ್ಲ?"

"ಬಾಯಿ ಮುಚ್ಚು! ನಮ್ಮ ಸಾಲ್ಯಾಗ ರೂಲ್ಸು ಎಲ್ಲಾರಿಗೂ ಒಂದ!"

ಟಪ್ಪನೆ ಒಂದು ಹೇರ್‌ಪಿನ್ನು ಹಾರಿತು. ಹಿಂದೆಯೇ ಹತ್ತು ಹಾರಿದವು. ಅಕ್ಕೋರ ಬಿಗಿ ತುರುಬು ಸಿಡಿದು, ಕೂದಲೆಲ್ಲ ಕಸಬರಿಗೆಯ ಹಾಗೆ ಮುಗಿಲಿಗೆ ನೆಟ್ಟಗೆ ನಿಂತಿತು. ಮೈದಾನಕ್ಕೆ ಮೈದಾನವೇ ಹೋ ಎಂದಿತು.

ಫಕೀರವ್ವನ ಬಿಚ್ಚುಗೂದಲಿನ ಒಂದೆಳೆಯೂ ಅಲುಗಿರಲಿಲ್ಲ. ಅವಳು ರಿಬ್ಬನ್ನು ಮುಂದೆ ಚಾಚಿದಳು.

"ತಗೋರಿ ಅಕ್ಕೋರ. ನನಗಿಂತ ನಿಮಗ ಬೇಕಾಗ್ತೈತಿ."