ಗುಂಡುಗುಂಡಗಿನ ಸೈನಿಕರು

"ಡಾಕ್ಟ್ರಮ್ಮ, ನನ್ ಸೈನಿಕ್ರು ಹೆಂಗವ್ರೆ?" ಹೆಂಡತಿ ಬಾಯಿಗಿಟ್ಟ ಮೀನಿನ ಗಂಜಿ ನುಂಗುತ್ತ ಕೇಳಿದ, ತೈನಾನಿನ ಮೀನು ವ್ಯಾಪಾರಿ ತಿಯೆನ್‌ಫು.

ಡಾಕ್ಟರ್ ಪೆಯ್‌ಯುನ್ ಕೈಯಲ್ಲಿದ್ದ ರಕ್ತಪರೀಕ್ಷೆಯ ವರದಿಯನ್ನು ಮಡಚಿದಳು. ಅವನದೇ ಬಿಳಿ ರಕ್ತಕಣಗಳನ್ನು ಪ್ರಯೋಗಾಲಯದಲ್ಲಿ ಬೆಳೆಸಿ, ಕ್ಯಾನ್ಸರಿನ ಮೇಲೆ ಬಿಡಲೆಂದು ಮೈಗೆ ಮರಳಿಸಿದ್ದಳು. ಇವತ್ತಿನ ರಕ್ತದಲ್ಲಿ ಅವು ಒಂದೂ ಉಳಿದಿರಲಿಲ್ಲ. ಕಣಗಳಿಗೆ ಬದುಕುವ ಸಂಕೇತ ಕೊಡುವ ಪ್ರೋಟೀನನ್ನು, ಬೇಗ ಬೆಳೆಯಲೆಂದು, ಧಾರಾಳವಾಗಿ ಸುರಿದವಳು ಅವಳೇ. ಮೈತುಂಬಿಕೊಂಡ ಅವುಗಳ ಫೋಟೋವನ್ನು ಇವನಿಗೆ ತೋರಿಸಿ ಹಿಗ್ಗಿದ್ದಳು ಕೂಡ.

ಹೆಂಡತಿ ಮತ್ತೆ ಚಮಚ ಎತ್ತಿದಳು. "ಸಾಕು ಕಣೇ! ನೀನು ಹಿಂಗೆ ತಿನ್ನಿಸಿ ತಿನ್ನಿಸಿ ನಂಗೆ ಚಮಚ ಹಿಡಿಯೋದೇ ಮರ್ತೋಗಿದೆ. ನಾಳೆ ನೀನು ಬರ್ದಿದ್ರೆ ನಾನು ಉಪವಾಸವೇ," ಎಂದು ತಿಯೆನ್‌ಫು ನಕ್ಕ.

ಪೆಯ್‌ಯುನ್ ಆ ಚಮಚವನ್ನೇ ನೋಡುತ್ತ ನಿಂತುಬಿಟ್ಟಳು. ಮೈಯೊಳಗೆ ಆ ಪ್ರೋಟೀನು ಸಿಗುವುದು ತೊಟ್ಟು ತೊಟ್ಟಾಗಿ. ಅಷ್ಟರಲ್ಲೇ ಬದುಕುವುದನ್ನು ಅವಳು ಅವುಗಳಿಗೆ ಕಲಿಸಿರಲಿಲ್ಲ. ಇನ್ನೊಮ್ಮೆ ಬೆಳೆಸೋಣವೆಂದರೆ ಅವನ ರಕ್ತದಲ್ಲಿ ತೆಗೆಯುವಷ್ಟು ಕಣಗಳೇ ಇರಲಿಲ್ಲ.

ತಿಯೆನ್‌ಫು ಪಕ್ಕದ ಹಾಸಿಗೆಯವನತ್ತ ತಿರುಗಿದ. "ನೀನು ನೋಡ್ಬೇಕಿತ್ತು ಕಣಯ್ಯ. ಒಬ್ಬೊಬ್ನೂ ಹೆಂಗಿದ್ದ ಅಂತೀಯಾ, ಗುಂಡುಗುಂಡಗೆ! ಡಾಕ್ಟ್ರಮ್ಮ, ಆ ಫೋಟೋ ಇವನಿಗೂ ಒಂದ್ಸಲ ತೋರ್ಸಿ."