ಇಂಥವರೇ ಬೇಕು

ನಾಳೆ ಬೆಳಿಗ್ಗೆ ರಜೆ ಬೇಕೆಂದು ಕೇಳಲು ಅವಳು ಬಾಯಿ ತೆರೆಯುವಷ್ಟರಲ್ಲಿ ಮ್ಯಾನೇಜರು ಹಾಳೆಯೊಂದನ್ನು ಮೇಜಿನ ಮೇಲೆ ಅವಳತ್ತ ಸರಿಸಿದರು. ಅದು ಅವಳದೇ ರೆಸ್ಯೂಮೆ. ಕೆಲಸ ಕೊಡಿಸುವ ಏಜೆನ್ಸಿಯವರು ತಮ್ಮ ಪದ್ಧತಿಯಂತೆ ಹೆಸರು, ಫೋನ್ ನಂಬರು, ಈಗಿರುವ ಕಂಪನಿ ಎಲ್ಲಕ್ಕೂ ಕಪ್ಪು ಬಳಿದಿದ್ದರು. ಅವಳಿಗೂ ಅಷ್ಟೇ, ಕಂಪನಿಯ ಹೆಸರು ಹೇಳದೆ “ದೊಡ್ಡ ಕಂಪನಿ, ನಾಳೆ ಇಂಟರ್‌ವ್ಯೂ, ವಿಳಾಸ ಸಂಜೆ ಹೇಳ್ತೀವಿ” ಎಂದಿದ್ದರು.

“ನಮ್ಮ ಗೋದಾಮಿಗೆ ಹೊಸ ಮುಖ್ಯಸ್ಥರು ಸಿಕ್ಕಿದ್ರು ನೋಡಿ. ರೆಸ್ಯೂಮೆ ಅಂದ್ರೆ ಹೀಗಿರಬೇಕು. ಒಂದೇ ಹಾಳೆ, ಕೊಚ್ಕೊಂಡಿದ್ದು ಏನೂ ಇಲ್ಲ. ಹದಗೆಟ್ಟಿದ್ದ ಗೋದಾಮನ್ನ ಒಬ್ಬರೇ ಹಳಿಗೆ ತಂದಿದ್ದಾರೆ. ಇವರ ಕೈಕೆಳಗೆ ನೀವೂ ಸ್ವಲ್ಪ ಕೆಲಸ ಕಲೀಬಹುದು.”

ಅವಳು ಹಳಿಗೆ ತಂದಿದ್ದ ಆ ಗೋದಾಮು ಅವರ ಬೆನ್ನ ಹಿಂದಿನ ಗೋಡೆಯ ಆಚೆಗೇ ಇತ್ತು. ಅವಳ ಹೆಬ್ಬೆರಳು ತಾನಾಗಿಯೇ ಆ ಕಪ್ಪು ಪಟ್ಟೆಯ ಮೇಲೆ ಹೋಗಿ ಕೂತಿತು, ಅಡಿಯಲ್ಲಿರುವ ಹೆಸರು ಎಲ್ಲಿ ಇಣುಕಿಬಿಡುತ್ತದೋ ಎಂಬಂತೆ.

“ಇವರು ಬರ್ತಾರೋ ಇಲ್ವೋ, ಸರ್.”

“ಬರದೆ ಏನು? ಇಂಥವರ ಬೆಲೆ ಗೊತ್ತಿಲ್ಲದ ಯಾರದೋ ಕೈಗೆ ಸಿಕ್ಕಿ ಒದ್ದಾಡ್ತಿದ್ದಾರೆ, ಪಾಪ. ನಾಳೆ ಇಂಟರ್‌ವ್ಯೂನಲ್ಲಿ ನೀವೂ ನನ್ನ ಪಕ್ಕ ಕೂತ್ಕೊಳ್ಳಿ.” ಅವರು ಹಾಳೆಯನ್ನು ಅವಳ ಬೆರಳಡಿಯಿಂದ ಮೆಲ್ಲಗೆ ಎಳೆದುಕೊಂಡರು. “ಅಂದಹಾಗೆ, ನೀವೇನೋ ಕೇಳೋಕೆ ಬಂದಿದ್ರಲ್ಲ?”